ಅಡಿಕೆ ದ್ವೀಪದ ಭಾಬಿ

ನಮ್ಮಣ್ಣ ಮನೆ ಬಿಟ್ಟು ಓಡಿಹೋದದ್ದು ಬಳ್ಳಾರಿಗೆ. ಓಡಿಹೋಗುವಂಥ ಕಷ್ಟವೇನೂ ಅವನಿಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ರೋಣದ ಮಾಮಾ ಮೇಲಿಂದ ಮೇಲೆ ಗಜೇಂದ್ರಗಡಕ್ಕೆ ಬಂದು ಅವನಿಗೆ ಬುದ್ಧಿ ಹೇಳತೊಡಗಿದರು, ಅಷ್ಟೇ. ಮಾಮಾ ಅವ್ವನ ಅಣ್ಣ. ಅವರ ಬುದ್ಧಿವಾದವನ್ನು ಒಮ್ಮೆ ಕೇಳಿದವರಿಗೆ, ಹುಡುಗ ಬಳ್ಳಾರಿಗೇ ಯಾಕೆ ನಿಂತ, ಇನ್ನೂ ಮುಂದಕ್ಕೆ ಯಾಕೆ ಓಡಲಿಲ್ಲ ಎಂದು ಆಶ್ಚರ್ಯವಾಗುತ್ತಿತ್ತು. ಆದರೆ ಅಣ್ಣ ಅಲ್ಲಿಗೆ ನಿಲ್ಲಲೂ ಇಲ್ಲ. ಅಲ್ಲಿಯ ಸಿಪಾಯಿಗಳ ಪಲ್ಟಣದಲ್ಲಿ ಅಡಿಗೆಯ ಹಂಡೆಗಳಿಗೆ ಕಲಾಯಿ ಮಾಡುವ ಕೆಲಸ ಹಿಡಿದ. ಪಲ್ಟಣ ಚೆನ್ನಪಟ್ಟಣಕ್ಕೆ, ಅಂದರೆ ಮದರಾಸಿಗೆ ಹೋಗಿ ಹಡಗು ಹತ್ತಿ ಮಲಾಯಿ ಜನರ ಸೀಮೆಗೆ ಹೊರಟಿತು. ಹಂಡೆಗಳ ಹಿಂದೆ ಅಣ್ಣನೂ ಹೊರಟ.

ಕಲಾಯಿ ನಮ್ಮ ಮನೆತನದ ಕಸುಬು. ತಾಮ್ರದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಅರಿವೆಯಿಂದ ಒಳಗೆಲ್ಲ ಒರೆಸಿದರೆ ಪಾತ್ರೆ ಬೆಳ್ಳಿಯ ಹಾಗಾಗುತ್ತದೆ, ಹುಳಿ ಸಾರು ಕೆಡುವುದಿಲ್ಲ. ಊರಿನ ಲಿಂಗಾಯತರ ಮನೆ, ಬ್ರಾಹ್ಮಣರ ಮನೆ, ಗಾಣಿಗರ ಮನೆ, ಎಲ್ಲರ ಪಾತ್ರೆಯ ಒಳಮೈಯೂ ನಮ್ಮ ಕೈ ಕಂಡದ್ದು. ನಾವು ಮುಸಲ್ಮಾನರು. ನಾವು ಒರೆಸಿ ಕೊಟ್ಟ ಪಾತ್ರೆಯಲ್ಲಿ ಎಲ್ಲರೂ ಉಣ್ಣುತ್ತಿದ್ದರು, ನಾವು ಅದರಲ್ಲಿ ಅಡಿಗೆ ಮಾಡಿದರೆ ಮಾತ್ರ ಯಾರೂ ಉಣ್ಣುತ್ತಿರಲಿಲ್ಲ. ಇದರಲ್ಲಿ ಏನೋ ವಿಚಿತ್ರವಿದೆ ಎಂದು ಆಗ ಯಾರಿಗೂ ಅನ್ನಿಸುತ್ತಿರಲಿಲ್ಲ, ನಮಗೂ ಅನ್ನಿಸುತ್ತಿರಲಿಲ್ಲ.

ಅಣ್ಣ ತಿರುಗಿ ಬಂದಾಗ ಕಂಪನಿ ಸರಕಾರದ ಕಾಲ, ನರಗುಂದದಲ್ಲಿ ಇನ್ನೂ ಅರಸರಿದ್ದರು. ನನಗೆ ಮೀಸೆ ಪೂರ್ತಿ ಬಂದಿತ್ತು. ನರಗುಂದದ ಕಲಾಯಿಗಾರರ ಮನೆಯ ಹುಡುಗಿಯನ್ನು ನನಗೆ ಗೊತ್ತುಮಾಡಿದ್ದರು. ಒಂದು ಮಧ್ಯಾಹ್ನ ಬಾಗಿಲಲ್ಲಿ ಬಂಡಿ ನಿಂತಿತು. ಮೊದಲು ಅಣ್ಣ ಇಳಿದ. ಆಮೇಲೆ ಒಬ್ಬ ಹೆಣ್ಣುಮಗಳು ಇಳಿದಳು. ಗಿಡ್ಡ ಆಳು, ದುಂಡು ಮುಖ, ಸಣ್ಣ ಮೂಗು. ಮೂಗಿನಲ್ಲಿ ನತ್ತಿಲ್ಲ. ಉದ್ದನ್ನ ಅಂಗಿಯ ಕೆಳಗೆ ಹೂವಿನ ಚಿತ್ರದ ಲುಂಗಿಯಂಥದನ್ನು ಸುತ್ತಿಕೊಂಡಿದ್ದಳು, ತಲೆಗೆ ಸೆರಗಿನ ಬದಲು ಒಂದು ವಲ್ಲಿ. ಓಣಿಯೆಲ್ಲ ಬಾಗಿಲಿಗೆ ಬಂತು.

"ಇದ್ಯಾರೊ? ಚೀನಾದಾಕಿ ಏನೊ?" ಎಂದಳು ಅವ್ವ.

"ನಿನ್ನ ಸೊಸಿ, ಅವ್ವಾ. ನಿಕಾ ಆಗೇತಿ. ನಮ್ಮಂಗ ಕಲ್ಮಾ ಓದಾಕಿ."

"ಹಡಗ ಹತ್ತು ಅಂತ ಪಲ್ಟಣ ಹೇಳಿತ್ತು. ಲಗ್ನ ಆಗು ಅಂತ ಯಾರ ಹೇಳಿದ್ರು?"

ಅವ್ವನ ಸಿಟ್ಟಿಗೆ ಕಾರಣವಿತ್ತು. ಮಗನಿಗೆ ತನ್ನ ಅಣ್ಣನ, ಅಂದರೆ ಮಾಮಾನ ಮಗಳನ್ನೇ ತರಬೇಕೆಂದು ಅವಳು ಆಸೆ ಇಟ್ಟುಕೊಂಡಿದ್ದಳು. ಆ ಹುಡುಗಿ ಕಾದೂ ಕಾದೂ ಸವಡಿ ಎಂಬ ಊರಿಗೆ ಮದುವೆಯಾಗಿ ಹೋಗಿ ಎರಡು ಮಕ್ಕಳ ತಾಯಿಯಾಗಿದ್ದಳು. ಆದರೂ ಅವ್ವನ ಆಸೆ ಹಾಗೇ ಇತ್ತು. ಅವಳು ಗೋಡೆಗೆ ಮುಖ ಮಾಡಿ ಕುಳಿತಳು. ಬಂದವಳು ಗಂಟಿನಿಂದ ಒಂದು ಹಿತ್ತಾಳೆಯ ಎಲೆಡಬ್ಬಿ ತೆಗೆದಳು. ನೆಲದ ಮೇಲೆ ಕಾಲು ಒಂದು ಪಕ್ಕಕ್ಕೆ ಮಡಿಸಿ ಕುಳಿತು, ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಕತ್ತರಿಸಿ, ಅಂದವಾಗಿ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಅವ್ವನ ಬೆನ್ನಿಗೆ ನೀಡಿಕೊಂಡು ಕುಳಿತಳು. ಕುಳಿತೇ ಇದ್ದಳು. ಅವ್ವನಿಗೆ ಪ್ರಪಂಚದಲ್ಲಿ ಇದ್ದದ್ದು ಒಂದೇ ಚಟ, ಅದು ಎಲೆಅಡಿಕೆ. ಸ್ವಲ್ಪ ಹೊತ್ತಿನಲ್ಲಿ ಅವಳ ಮೂಗು ತಿರುಗಿತು, ಆಮೇಲೆ ಕತ್ತು, ಕೊನೆಗೆ ಕೈ. ಬಾಯಿ ತುಂಬ ಎಲೆ ಇಟ್ಟುಕೊಂಡು ಸಿಟ್ಟು ಮಾಡುವುದು ಯಾರಿಂದಲೂ ಆಗುವ ಕೆಲಸವಲ್ಲ.

ಪಕ್ಕದ ಮನೆಯಲ್ಲಿ ಲಿಂಗಾಯತರ ಒಬ್ಬ ಅಜ್ಜಿ ಇದ್ದಳು. ಇಡೀ ಓಣಿಗೆ ಅವಳು ಆಯಿ. ನಮ್ಮ ಮನೆಯ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆದದ್ದು. ಅವಳು ಬಂದು ಹೊಸ ಸೊಸೆಯ ಗದ್ದ ಹಿಡಿದು ಕೇಳಿದಳು.

"ಯಾವೂರವಾ ನಿಂದು?"

"ಪುಲಾವ್ ಪಿನಾಂಗ್" ಎಂದಳು ಭಾಬಿ; ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ಕರೆಯುವುದು ಹಾಗೆ.

ಪುಲಾವ್ ಎಂದರೆ ಅವರ ಮಾತಿನಲ್ಲಿ ದ್ವೀಪ, ಪಿನಾಂಗ್ ಎಂದರೆ ಅಡಿಕೆ ಎಂದು ಅಣ್ಣ ಬಿಡಿಸಿ ಹೇಳಿದ. ಹೇಳಿ ಏನು ಪ್ರಯೋಜನ? ಸಂಜೆಯ ಹೊತ್ತಿಗೆ ಕಲಾಯಿಗಾರರ ಸೊಸೆಯ ಊರಿನಲ್ಲಿ ಜನ ಮೂರು ಹೊತ್ತೂ ಪಲಾವನ್ನೇ ಉಣ್ಣುತ್ತಾರೆ, ಮೇಲೆ ಅಡಿಕೆ ಜಗಿಯುತ್ತಾರೆ ಎಂದು ಊರೆಲ್ಲ ಆಗಿತ್ತು. ಜೋಳದ ರೊಟ್ಟಿಯ ನಾಡಿಗೆ ಬಂದ ಅವಳನ್ನು ಎಲ್ಲರೂ ಮರುಕದಿಂದ ನೋಡಿದರು.

ಮರುಕ ಬಹಳ ದಿನ ಉಳಿಯಲಿಲ್ಲ. ಅವಳು ಒಂದು ಗಡಿಗೆಯಲ್ಲಿ ಸಮುದ್ರದ ಸೀಗಡಿಯನ್ನು ಉಪ್ಪು ಹಾಕಿ ಕುಟ್ಟಿ ಕೊಳೆಸಿದ ಕರಿ ಮುದ್ದೆಯೊಂದನ್ನು ಜೋಪಾನವಾಗಿ ತಂದಿದ್ದಳು. ಒಂದು ದಿನ ಅದರ ಚೂರನ್ನು ಕೆಂಡದ ಮೇಲೆ ಸುಟ್ಟಳು. ಓಣಿಯವರು ಜಂತಿಯಲ್ಲಿ ಸತ್ತ ಇಲಿ ಹುಡುಕಿದರು. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ಅಳುಕುತ್ತ "ಮನ್ಯಾಗ ಎಲ್ಲಾರೂ ಅರಾಮ ಅದೀರಿಲ್ಲೋ?" ಎಂದು ಕೇಳಿದಳು. ಭಾಬಿ ಎಲ್ಲರ ಮುಖ ನೋಡಿದಳು, ಗಡಿಗೆಗೆ ಮುಚ್ಚಳ ಬಿಗಿದಳು, ಹಿತ್ತಲಲ್ಲಿ ಹೂತುಬಿಟ್ಟಳು. ನಾನು ಪಾಪ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಗಂಡಹೆಂಡತಿ ಅದನ್ನು ಮತ್ತೆ ಅಗೆದು, ಆಗಾಗ ಕಟ್ಟಿಗೆ ತರುವ ನೆವದಿಂದ ಕೋಟೆಯ ಗುಡ್ಡಕ್ಕೆ ಹೋಗಿ, ಹಸಿಮೆಣಸಿನಕಾಯಿಯ ಜೊತೆ ಸುಟ್ಟು ತಿಂದು ಬರುತ್ತಿದ್ದರು. ಕಟ್ಟಿಗೆ ಮಾತ್ರ ಯಾವಾಗಲೂ ಕಡಿಮೆ ಬರುತ್ತಿತ್ತು.

ನಮ್ಮ ಮನೆಯಲ್ಲಿ ಐದು ಹೊತ್ತೂ ನಮಾಜು ತಪ್ಪಿಸದವಳು ಅವಳೊಬ್ಬಳೇ. ನಮ್ಮದು ಬೇರೆ ರೀತಿ. ತಿದಿ ಒತ್ತುವಾಗ ನಮಾಜು ನೆನಪಾಗುತ್ತಿತ್ತು, ಆಗ ಏಳುವ ಹಾಗಿರಲಿಲ್ಲ. ಏಳುವ ಹಾಗಿದ್ದಾಗ ನೆನಪಾಗುತ್ತಿರಲಿಲ್ಲ. ಅವಳು ಬಿಳಿ ಅರಿವೆ ಮೈತುಂಬ ಹೊದ್ದು ಮೂಲೆಯಲ್ಲಿ ನಿಂತರೆ ಅವ್ವನೂ ನಾಚಿಕೊಂಡು ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದಳು. ಆದರೆ ಭಾಬಿ ಯಾರಿಗೂ ಒಂದು ದಿನವೂ ಬಾ ಎನ್ನಲಿಲ್ಲ, ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ.

ಕನ್ನಡವನ್ನು ಅವಳು ಕಲಿತದ್ದು ಆಯಿಯ ಕಟ್ಟೆಯ ಮೇಲೆ. ಮಾತು ಕಲಿಸಿದವಳು ಆಯಿಯಾದ್ದರಿಂದ ಮಾತಿನ ಜೊತೆಗೆ ಬರುವುದೂ ಬಂತು. ಕೊಡ ಇಳಿಸುವಾಗ "ಶಿವನೇ" ಎನ್ನುವಳು. ಸೊಂಟ ನೋವಾದರೆ "ಶಿವಾ ಶಿವಾ" ಎನ್ನುವಳು. ನಮಾಜು ಮುಗಿಸಿ ಚಾಪೆ ಮಡಿಚಿ ಏಳುವಾಗಲೂ ಒಮ್ಮೊಮ್ಮೆ ಅದೇ ಬರುತ್ತಿತ್ತು. ನಾವು ನಗುತ್ತಿದ್ದೆವು. ಅವಳಿಗೆ ಯಾಕೆಂದು ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ರೋಣದ ಮಾಮಾ ತವರ ಕೊಳ್ಳಲು ಹುಬ್ಬಳ್ಳಿಗೆ ಹೋದರು. ಅಲ್ಲಿ ಯಾರೋ ಪರಸ್ಥಳದ ಮೌಲವಿಯ ಪ್ರವಚನ ಕೇಳುತ್ತ ಕೆಲವು ವಾರ ಉಳಿದರು. ತಿರುಗಿ ಬಂದಾಗ ತವರದ ಜೊತೆಗೆ ಒಂದು ಹೊರೆ 'ಬೇಡ'ಗಳನ್ನೂ ತಂದಿದ್ದರು. ಮದುವೆಯಲ್ಲಿ ಹಲಗೆ, ಡೊಳ್ಳು ಬಾರಿಸುವುದು ಬೇಡ, ಅರಿಷಿಣ ಬೇಡ, ಹಬ್ಬದಲ್ಲಿ ಅವರಿವರ ಮನೆಗೆ ಹೋಗುವುದು ಬೇಡ, ಅವರಿವರು ಬರುವುದೂ ಬೇಡ. ಗಡ್ಡವೂ ಸ್ವಲ್ಪ ಉದ್ದವಾಗಿತ್ತು. ಅವರು ಕೆಟ್ಟವರಲ್ಲ. ಹೊಸ ಚಡಾವು ಕಾಲಿಗೆ ಹಾಕಿಕೊಂಡವನು ಊರೆಲ್ಲ ಸದ್ದು ಮಾಡುತ್ತ ನಡೆಯುತ್ತಾನಲ್ಲ, ಆ ರೀತಿ ಆಗಿತ್ತು. ನನ್ನ ಮದುವೆಗೆ ಅವರೇ ಹಿರಿಯರು. ನರಗುಂದದ ಬೀಗರು ಅವರ ಬಾಲ್ಯದ ಗೆಳೆಯರು, ಅವರ ಮಾತಿಲ್ಲದೆ ಒಂದು ಹೆಜ್ಜೆ ಇಡುವವರಲ್ಲ. ಹೀಗಾಗಿ ಮಾಮಾ ಗಜೇಂದ್ರಗಡಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ಮದುವೆಯ ಕರಾರುಗಳನ್ನು ಹೇಳತೊಡಗಿದಾಗ ನಾನು ಒಂದೊಂದನ್ನೂ ಬೆರಳ ಮೇಲೆ ಎಣಿಸತೊಡಗಿದೆ.

ಭಾಬಿ ನೀರು ತಂದಿಟ್ಟು, ಬಗ್ಗಿ ಏಳುವಾಗ "ಶಿವನೇ" ಎಂದಳು.

ಮಾಮಾ ತಂಬಿಗೆಯನ್ನು ಹಾಗೇ ಕೆಳಗಿಟ್ಟರು. "ಏನಂದಿ?"

ಅವಳಿಗೆ ಗಾಬರಿಯಾಯಿತು. ಶಿವ ಎನ್ನುವುದು ಆಯಿಯವರ ದೇವರ ಹೆಸರು ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ತುಟಿ ಕಚ್ಚಿಕೊಂಡು, ಬಹಳ ವಿನಯದಿಂದ, ಬಂದಷ್ಟು ಕನ್ನಡದಲ್ಲಿ ಹೇಳಿದಳು.

"ಮಾಮಾ, ನಮ್ಮ ಊರಾಗ ಹಿರ್ಯಾರು ಹೇಳ್ತಾರ. ಆಡಿನ ದೊಡ್ಡಿ ಹೊಕ್ಕರ 'ಬ್ಯಾ' ಅನಬೇಕು. ಎಮ್ಮಿ ಕೊಟ್ಟಿಗಿ ಹೊಕ್ಕರ 'ವಂಯ್' ಅನಬೇಕು."

"ಅಂದ್ರ ನಾವು ಎಮ್ಮಿ ಏನು?"

"ಅಯ್ಯ, ಅಲ್ರಿ ಮಾಮಾ" ಎಂದು ಎರಡೂ ಕೈ ಎದೆಗೆ ಹಚ್ಚಿ ಬಾಗಿದಳು. "ನೀವು ಆಡು."

ಅಣ್ಣ ಎದ್ದು ಹಿತ್ತಲಿಗೆ ಹೋದ. ಅವ್ವ ಎಲೆಡಬ್ಬಿಯಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಮಾಮಾ ಮಾತ್ರ ತಮ್ಮ ಗಡ್ಡದ ಮೇಲೆ ಒಮ್ಮೆ ಕೈಯಾಡಿಸಿಕೊಂಡು, ಅನುಮಾನದಿಂದ ಅವಳನ್ನು ನೋಡಿದರು. ಅವಳ ಮುಖದಲ್ಲಿ ಆದರ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಮುಂದಿನ ಕರಾರಿಗೆ ಹೋದರು.

ನಿಕಾ ನರಗುಂದದಲ್ಲಿ, ಆಮೇಲೆ ನಮ್ಮ ಮನೆಯಲ್ಲಿ ವಲೀಮಾ, ಅಂದರೆ ಗಂಡಿನ ಕಡೆಯ ಊಟ. ಹಲಗೆ ಬಾರಿಸಕೂಡದು. ಅರಿಷಿಣ ಹಚ್ಚಕೂಡದು. ಊಟಕ್ಕೆ ನಮ್ಮವರನ್ನು ಬಿಟ್ಟು ಓಣಿಯ ಬೇರೆ ಯಾರನ್ನೂ ಕರೆಯಕೂಡದು.

"ಆಯೀನೂ ಕರಿಬಾರ್ದೇನಣ್ಣಾ?" ಎಂದಳು ಅವ್ವ.

"ಯಾರ್ನೂ ಬ್ಯಾಡ."

ಹಿತ್ತಲಿಂದ ಬಂದ ಅಣ್ಣನ ಮುಖ ಕೆಂಪಾಗಿತ್ತು. ಇನ್ನೇನು ಬಾಯಿ ತೆಗೆಯಬೇಕು, ಅಷ್ಟರಲ್ಲಿ ಭಾಬಿ "ಹೌದ್ರಿ ಮಾಮಾ" ಎಂದಳು. ಅರಿಷಿಣಕ್ಕೂ ಹೌದ್ರಿ, ಹಲಗೆಗೂ ಹೌದ್ರಿ, ಆಯಿಗೂ ಹೌದ್ರಿ. ನನಗೆ ಮೈಯೆಲ್ಲ ಉರಿಯಿತು. ಕಟ್ಟೆಯ ಮೇಲೆ ಕೂಡಿಸಿಕೊಂಡು ಮಾತು ಕಲಿಸಿದವಳನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುವುದೇ? ಬೇಡ ಎನ್ನುವ ಶಬ್ದ ಅವರ ಭಾಷೆಯಲ್ಲಿ ಇಲ್ಲವೇ ಎಂದು ಅಣ್ಣನನ್ನು ಕೇಳಿದೆ. "ಐತಿ. ಆದ್ರ ಮಾರಿ ಮ್ಯಾಲೆ ಅನ್ನೂದು ಅವರೊಳಗ ಭಾಳ ದೊಡ್ಡ ಅವಮಾನ. ಎದರಿಗಿದ್ದಾಂವ ತಾನ ತಿಳ್ಕೋಬೇಕು" ಎಂದ.

ಮಾಮಾ ತಿಳಿದುಕೊಳ್ಳುವವರೇ? ನಾನು ಆಸೆ ಬಿಟ್ಟೆ.

ಮರುದಿನ ಬೆಳಿಗ್ಗೆ ಮಾಮಾ ರೋಣಕ್ಕೆ ಹೊರಡಲು ಚಡಾವು ಮೆಟ್ಟುತ್ತಿದ್ದಾಗ ಭಾಬಿ ಎಲೆಡಬ್ಬಿ ಹಿಡಿದು ಎದುರು ಬಂದು ನಿಂತಳು.

"ಮಾಮಾ, ಓಣ್ಯಾಗ ಎಲ್ಲಾರೂ ಲಗ್ನದ ಹಾದಿ ನೋಡಾಕತ್ತಾರ. ಬರಬ್ಯಾಡ್ರಿ ಅಂತ ಯಾರ ಹೇಳೂದು?"

"ನೀವ ಹೇಳ್ರಿ."

"ನಾವು ಸಣ್ಣಾವ್ರು. ಸಣ್ಣಾವ್ರು ಹೇಳಿದ್ರ ಮನಿತನಕ್ಕ ಕಮ್ಮಿ. ನೀವು ಹಿರ್ಯಾರು. ನೀವು ಹೋಗಿ ಚಲೋ ಮಾತಿಲೆ ಹೇಳ್ರಿ. ನಮ್ಮ ಊರಾಗ ಹಿರ್ಯಾರು ಎಲಿ ಕೊಟ್ಟು ಹೇಳ್ತಾರ. ಮೊದಲ ಎಲಿ, ಆಮ್ಯಾಲೆ ಸುಖದುಃಖ, ಆಮ್ಯಾಲೆ ಮಾತು."

ಮನೆತನದ ಹಿರಿಯರು ಎಂದು ಕರೆದರೆ ಮಾಮಾ ಬೆಂಕಿಯಲ್ಲಾದರೂ ನಡೆಯುವವರು. ಇದು ಬರೀ ಓಣಿ. ಅವರು ಡಬ್ಬಿಗೆ ಕೈ ನೀಡಿದರು. ಆಮೇಲೆ ಹಿರಿಯರು ಡಬ್ಬಿ ಹೊರುವುದು ಶೋಭೆಯಲ್ಲ ಎಂದು ನೆನಪಾಗಿ ನನ್ನ ಕೈಗೆ ಕೊಟ್ಟರು. ಮದುಮಗನಾಗಬೇಕಾದ ನಾನು, ನನ್ನ ಮದುವೆಗೆ ಬರಬೇಡಿ ಎಂದು ಹೇಳಲು ಹೊರಟವರ ಹಿಂದೆ ಎಲೆಡಬ್ಬಿ ಹೊತ್ತು ನಡೆದೆ.

ಮೊದಲನೆಯದು ಆಯಿಯ ಮನೆ. ಅವಳು ಅಂಗಳದಲ್ಲಿ ಕುಳಿತು ಜೋಳ ಕೇರುತ್ತಿದ್ದಳು.

"ಬಾರಪಾ ಬಾ! ಎಷ್ಟ ದಿನಾತೊ ನಿನ್ನ ಮಾರಿ ನೋಡಿ" ಎಂದಳು. ಮಾಮಾ ಹುಡುಗರಾಗಿದ್ದಾಗ ನಮ್ಮಪ್ಪನ ತಂದೆಯ ಹತ್ತಿರ ಇದೇ ಓಣಿಯಲ್ಲಿ ಕಸುಬು ಕಲಿತವರು. "ಕಾದ ತವರ ಕೈ ಮ್ಯಾಲೆ ಚಲ್ಲಿಕೊಂಡು ಒದರಿಕೋತ ನನ್ನ ಕಡೆ ಓಡಿ ಬಂದಿದ್ದೆಲ್ಲ, ಕಲಿ ಐತೇನ ಇನ್ನೂ?"

ಮಾಮಾ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು. ಕಲೆ ಇತ್ತು. ನಾನು ಡಬ್ಬಿ ತೆರೆದೆ. ಭಾಬಿ ಹೇಳಿದ ಕ್ರಮದಂತೆ ಮಾಮಾ ಮೊದಲು ಎಲೆಅಡಿಕೆ ಕೊಟ್ಟರು. ಆಯಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸುಖದುಃಖ. ಆಯಿಯ ಸುಖದುಃಖ ಎಂದರೆ ಮೂರು ತಲೆಮಾರಿನದು. ಅದೆಲ್ಲ ಮುಗಿದ ಮೇಲೆ ಮಾಮಾ ಗಂಟಲು ಸರಿಮಾಡಿಕೊಂಡರು.

"ಆಯಿ, ಈ ಲಗ್ನದ ಮಾತು... ಈ ಸಲ ಸಣ್ಣದು ಮಾಡೂದಂತ..."

"ಸಣ್ಣದರ ಮಾಡ್ರಿ, ದೊಡ್ಡದರ ಮಾಡ್ರಿ, ಹಿರ್ಯಾ ಆಗಿ ನೀನ ಎಲಿ ಹಿಡ್ಕೊಂಡು ಬಂದಿ, ಅಷ್ಟ ಸಾಕಪಾ. ಇದನ್ನ ನೋಡು, ನಿಮ್ಮ ಲಗ್ನದ್ದ ಜೋಳ. ಹೋದ ವಾರದಿಂದ ಹಸನ ಮಾಡಾಕತ್ತೀನಿ."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಹಿರಿಯರು ಮನೆಬಾಗಿಲಿಗೆ ಹೋಗಿ ಎಲೆಅಡಿಕೆ ಕೊಟ್ಟರೆ ಅದಕ್ಕಿರುವ ಅರ್ಥ ಒಂದೇ: ಮದುವೆಗೆ ಬನ್ನಿ. ಮಾಮಾನಿಗೂ ಹೊಳೆಯಿತೆಂದು ಕಾಣುತ್ತದೆ. ಹೊರಗೆ ಬಂದ ಮೇಲೆ, "ಮುದಕಿ. ಆಕಿ ಮನಸ ನೋಯಿಸೂದು ಬ್ಯಾಡ. ಆಕಿ ಒಬ್ಬಾಕಿ ಬರ್ಲಿ" ಎಂದರು.

ಮುಂದಿನದು ಗಾಣಿಗರ ಮನೆ. ಅವರು ಎಲೆ ಇಸಿದುಕೊಂಡು, ದೀಪಕ್ಕೆ ಒಗ್ಗರಣೆಗೆ ಬೇಕಾದ ಎಣ್ಣೆ ತಮ್ಮದೇ ಎಂದುಬಿಟ್ಟರು. ಡೊಳ್ಳು ಬಾರಿಸುವ ಕುರುಬರ ಹಿರಿಯ, "ಹಿಂದಿನ ಸಲ ಈ ಮನೀ ಲಗ್ನದಾಗ ನಮ್ಮಪ್ಪ ಬಾರ್ಸಿದ್ದ, ನೆನಪೈತೇನ್ರಿ?" ಎಂದು ಕಣ್ಣು ಒರೆಸಿಕೊಂಡ. ಬ್ರಾಹ್ಮಣರಾದ ಕುಲಕರ್ಣಿಯವರ ಮನೆಯ ಒಡತಿ ಬಾಯಿಯವರು ಒಳಗಿನಿಂದ ಆಳೊಬ್ಬನಿಂದ ಒಂದು ಭಾರೀ ತಾಮ್ರದ ಹಂಡೆ ಹೊರಿಸಿ ತಂದರು. "ನಮ್ಮ ಮುಂಜಿವಿಗೆ ನೀವ ಕಲಾಯಿ ಮಾಡಿ ಕೊಟ್ಟದ್ದು. ಈ ಸಲ ನಿಮ್ಮ ಮನೀ ಕೆಲಸಕ್ಕ ಇರಲಿ. ಇನ್ನೊಮ್ಮೆ ನಿಮ್ಮ ಕೈಲೆ ಬೆಳಗಿಸಿಕೋರಿ, ಮತ್ತ ಯಾರ ಕೈಯಾಗೂ ಕೊಡಬ್ಯಾಡ್ರಿ" ಎಂದರು.

ಪ್ರತಿ ಮನೆಯಲ್ಲೂ ಮಾಮಾ 'ಆದ್ರ' ಎನ್ನುವ ತನಕ ಬರುತ್ತಿದ್ದರು. ಅಷ್ಟರಲ್ಲಿ ಎದುರಿನವರ ಬಾಯಲ್ಲಿ ಎಲೆ ಇರುತ್ತಿತ್ತು, ಕಣ್ಣಲ್ಲಿ ಸಂತೋಷ ಇರುತ್ತಿತ್ತು. ಬಿಸಿಲೇರುವ ಹೊತ್ತಿಗೆ ಅವರು 'ಆದ್ರ' ಎನ್ನುವುದನ್ನೂ ಬಿಟ್ಟರು. ಕೊನೆಯ ಎರಡು ಮನೆಗಳಲ್ಲಂತೂ, "ಎಲ್ಲಾರೂ ಬರಬೇಕ್ರಿ, ಒಬ್ಬರೂ ಉಳೀಬಾರ್ದು" ಎಂದು ಅವರೇ ಹೇಳಿದರು. ನಾನು ಡಬ್ಬಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ.

ಮನೆಗೆ ಬಂದು ಮಾಮಾ ಗೋಡೆಗೆ ಒರಗಿ ಕುಳಿತರು.

"ಎಲ್ಲಾರೂ ಬರ್ತಾರ" ಎಂದರು.

ಅಣ್ಣನಿಗೆ ನಗು ಬರುವುದರಲ್ಲಿತ್ತು. ಭಾಬಿ ಅವನನ್ನು ನೋಡಿದ ರೀತಿಗೆ ಅದು ಅಲ್ಲೇ ಸತ್ತಿತು. ಅವಳು ಮಾಮಾನ ಮುಂದೆ ಮಜ್ಜಿಗೆ ಇಟ್ಟು, ಕುಳಿತು, ತಲೆ ತಗ್ಗಿಸಿಕೊಂಡು ಕಾದಳು. ಮಾಮಾ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು ವಿಚಾರಕ್ಕಿಳಿದರು.

"ನೋಡವಾ, ನೆರಿಮನಿಯವ್ರು ಹಸದಿರುವಾಗ ತಾ ಹೊಟ್ಟಿ ತುಂಬ ಉಂಡಾಂವ ಮುಸಲ್ಮಾನ ಅಲ್ಲ ಅಂತ ನಮ್ಮ ಹಿರ್ಯಾರು ಹೇಳಿಲ್ಲೇನು? ನೆರಿಮನಿ ಹಕ್ಕ ದೊಡ್ಡದು. ಅದ ಮೌಲವಿ ಸಾಹೇಬ್ರಿಗೆ ಹುಬ್ಬಳ್ಳ್ಯಾಗ ನೆರಿಮನಿ ಇರಲಿಲ್ಲ. ಮಸೂತ್ಯಾಗ ಇಳಿದಿದ್ರು."

"ಖರೇ ಐತ್ರಿ ಮಾಮಾ. ನನಗ ಗೊತ್ತಿರಲಿಲ್ಲ" ಎಂದಳು ಭಾಬಿ.

ಅವಳಿಗೆ ಗೊತ್ತಿತ್ತೋ ಇಲ್ಲವೋ, ಎಲೆಡಬ್ಬಿ ಕೊಟ್ಟದ್ದು ಬೇಕೆಂದೇ ಮಾಡಿದ ಉಪಾಯವೋ ಅಥವಾ ಬರೀ ಅವಳ ಊರಿನ ಪದ್ಧತಿಯೋ, ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿಸಲವೂ ಅವಳು ನನಗೆ ತಿನ್ನಲು ಏನಾದರೂ ಕೊಟ್ಟು ಮಾತು ತಪ್ಪಿಸಿದಳು.

ಹಲಗೆ ಡೊಳ್ಳಿನ ವಿಷಯದಲ್ಲಿ ಮಾತ್ರ ಮಾಮಾ ಸಡಿಲವಾಗಲಿಲ್ಲ. ಅದಕ್ಕೆ ಭಾಬಿ ಎಲ್ಲರನ್ನೂ ಒಪ್ಪಿಸಿದಳು. ಮಾಮಾ ಇಷ್ಟು ಮನೆ ತಿರುಗಿ ಬಂದಿದ್ದಾರೆ, ಅವರ ಒಂದು ಮಾತಾದರೂ ಉಳಿಯಬೇಕು ಎಂಬುದು ಅವಳ ಹಟ. ಕುರುಬರ ಹಿರಿಯ ಡೊಳ್ಳು ಬಿಟ್ಟು ಬರಲು ಒಪ್ಪಿದ.

ಅರಿಷಿಣವನ್ನೂ ಹಚ್ಚಲಿಲ್ಲ. ನಾನು ನರಗುಂದಕ್ಕೆ ಹೊರಡುವ ದಿನ ಭಾಬಿ ತನ್ನ ಊರಿನ ಶಾಸ್ತ್ರ ಮಾಡುತ್ತೇನೆಂದಳು. ನನ್ನನ್ನು ಮಣೆಯ ಮೇಲೆ ರಾಜನ ಹಾಗೆ ಕೂಡಿಸಿದರು. ಅವರಲ್ಲಿ ಮದುಮಗ ಒಂದು ದಿನದ ರಾಜನಂತೆ. ನನಗೆ ಅದು ಬಹಳ ಸರಿ ಎನ್ನಿಸಿತು. ಒಂದು ಬಟ್ಟಲಲ್ಲಿ ಅಕ್ಕಿ ಹಿಟ್ಟು ಕದಡಿದ ನೀರು, ಅದರಲ್ಲಿ ಒಂದು ಹಿಡಿ ಹಸಿರೆಲೆ. ಅವ್ವ, ಆಯಿ, ಗಾಣಿಗರ ಸೊಸೆ ಒಬ್ಬೊಬ್ಬರಾಗಿ ಬಂದು ಎಲೆಯನ್ನು ಅದ್ದಿ ನನ್ನ ಕೈಮೇಲೆ ಚಿಮುಕಿಸಿ, ಒಂದು ಚಿಟಿಕೆ ಅಕ್ಕಿ ತಲೆಯ ಮೇಲೆ ಹಾಕಿ ಹರಸಿದರು. ಆಯಿ ಶಿವನ ಹೆಸರು ಹೇಳಿದಳು, ಅವ್ವ ಅಲ್ಲಾನ ಹೆಸರು ಹೇಳಿದಳು. ಮಾಮಾ ದೂರ ನಿಂತು ನೋಡುತ್ತಿದ್ದರು.

"ಏನ ಅದು? ಅರಿಷಿಣ ಏನು?"

"ಅಕ್ಕಿ, ಮಾಮಾ" ಎಂದಳು ಭಾಬಿ.

ಅಕ್ಕಿಯೇ. ಆದರೆ ಚೆನ್ನಾಗಿ ಹಳದಿ ಹತ್ತಿದ ಅಕ್ಕಿ. ಅವರ ಸೀಮೆಯಲ್ಲಿ ಅಕ್ಕಿಗೆ ಅರಿಷಿಣ ಕಲಸಿ ಎರಚುವುದೇ ಪದ್ಧತಿಯಂತೆ. ಮಾಮಾ ನನ್ನ ತಲೆಯನ್ನು ನೋಡಿದರು. ಆಮೇಲೆ ಆಕಾಶವನ್ನು ನೋಡಿ, ಮಳೆ ಬರುವ ಹಾಗಿದೆ, ಲಗೂ ಹೊರಡಿ ಎಂದರು. ಅದು ಬೇಸಿಗೆ.

ನರಗುಂದದಲ್ಲಿ ನಿಕಾ ಸುಸೂತ್ರವಾಯಿತು. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಪರದೆಯ ಆಚೆ ಕುಳಿತ ಹುಡುಗಿಯ ಬಳೆಯ ಸದ್ದು ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ. ಅಂದು ಅವಳು ಒಂದೂ ಮಾತಾಡಲಿಲ್ಲ. ಮುಂದೆ ಆ ಕೊರತೆಯನ್ನು ಧಾರಾಳವಾಗಿ ತುಂಬಿಕೊಟ್ಟಳು.

ಕಷ್ಟ ಬಂದದ್ದು ವಲೀಮಾದ ಬೆಳಿಗ್ಗೆ. ಆಯಿ ನಮ್ಮ ಹಿತ್ತಲಿಗೆ ಬಂದವಳು "ಅಯ್ಯಯ್ಯ ಶಿವನೇ!" ಎಂದು ಕೂಗಿದಳು. ನಾವೆಲ್ಲ ಓಡಿದೆವು. ಭಾಬಿ ಒಂದು ದೊಡ್ಡ ಬುಟ್ಟಿಯ ಮುಂದೆ ಕುಳಿತಿದ್ದಳು. ಬುಟ್ಟಿಯ ತುಂಬ ಕೋಳಿ ತತ್ತಿ. ಕುದಿಸಿ, ಕೆಂಪು ಬಣ್ಣ ಹಚ್ಚಿ, ಒಂದೊಂದಕ್ಕೂ ಕಾಗದದ ಹೂವು ಕಟ್ಟಿದ್ದಳು. ನೋಡಲು ಬಹಳ ಚೆಂದ. ಅವರ ಊರಲ್ಲಿ ಮದುವೆಗೆ ಬಂದ ಅತಿಥಿಗಳಿಗೆಲ್ಲ ಹೋಗುವಾಗ ಕೈಗೆ ಒಂದೊಂದು ತತ್ತಿ ಕೊಡಲೇಬೇಕಂತೆ. ಮನೆ ಮಕ್ಕಳಿಂದ ತುಂಬಲಿ ಎಂದು.

"ಯಾರ್ಯಾರಿಗೆ ಕೊಡಾಕಿ ನೀ ಇದನ್ನ?" ಎಂದಳು ಆಯಿ.

"ಎಲ್ಲಾರಿಗೂ. ಮೊದಲ ನಿಮಗ. ಆಮ್ಯಾಲೆ ಮಠದ ಅಯ್ಯನವ್ರಿಗೆ. ಕುಲಕರ್ಣಿ ಬಾಯಿಯವ್ರಿಗೆ ಎರಡು; ಹಂಡೆ ಕೊಟ್ಟಾರ."

ಲಿಂಗಾಯತ ಮಠದ ಅಯ್ಯನವರ ಕೈಯಲ್ಲಿ ಕೆಂಪು ತತ್ತಿ! ನನ್ನ ಕಣ್ಣ ಮುಂದೆ ಅದು ಬಂದು ನಿಂತಿತು. ಭಾಬಿಗೆ ಇವರು ಮಾಂಸ ಮುಟ್ಟುವುದಿಲ್ಲವೆಂದು ಗೊತ್ತಿತ್ತು. ತತ್ತಿಯೂ ಅದರಲ್ಲೇ ಸೇರುತ್ತದೆಂದು ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಅವಳ ಕಣ್ಣಲ್ಲಿ ನೀರು ಬಂತು. ಅವಳು ಅತ್ತದ್ದನ್ನು ನಾವು ನೋಡಿದ್ದು ಅದೇ ಮೊದಲು. ಎಲ್ಲರ ಮನಸ್ಸನ್ನೂ ಅಷ್ಟು ಎಚ್ಚರದಿಂದ ಕಾದವಳು, ತಾನೇ ಇಡೀ ಓಣಿಯ ಜಾತಿ ಕೆಡಿಸುತ್ತಿದ್ದೆನಲ್ಲ ಎಂದು ಬಿಕ್ಕಿದಳು.

ಆಯಿ ಅವಳ ಪಕ್ಕದಲ್ಲಿ ಕುಳಿತಳು. ಬುಟ್ಟಿಯನ್ನು ಮಾತ್ರ ಕೋಲಿನಿಂದ ತುಸು ದೂರ ತಳ್ಳಿ ಕುಳಿತಳು. "ಅಳಬ್ಯಾಡ ಮಗಳ. ತತ್ತಿ ದುಂಡಗಿರತೈತಿ, ಲಿಂಬಿಹಣ್ಣೂ ದುಂಡಗಿರತೈತಿ. ನಮ್ಮ ಮಂದಿಗೆ ಲಿಂಬಿಹಣ್ಣಿಗೆ ಹೂ ಕಟ್ಟಿ ಕೊಡು. ಯಾರ ಬ್ಯಾಡಂತಾರ?"

ಲಿಂಬೆಹಣ್ಣು ತರಲು ಹೋದವರು ಮಾಮಾ. ಸಂತೆಯ ದಿನವಲ್ಲ, ಯಾರ ಯಾರ ತೋಟಕ್ಕೋ ಹೋಗಿ, ರುಮಾಲಿನ ತುಂಬ ಕಟ್ಟಿಕೊಂಡು ಬೆವರು ಸುರಿಸುತ್ತ ಬಂದರು. ಬಂದವರು ಸುಮ್ಮನೆ ಕೂಡಲಿಲ್ಲ, ಹಣ್ಣಿಗೆ ಹೂ ಕಟ್ಟಲು ಕುಳಿತರು. ಅವರು ಕಟ್ಟಿದ ಹೂವೆಲ್ಲ ತಲೆಕೆಳಗಾಗಿದ್ದವು. ಭಾಬಿ ಚಂದ ಆಗಿದೆ ಎಂದಳು.

ಊಟವೂ ನಡೆಯಿತು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಯಿಯ ಅಂಗಳದಲ್ಲಿ ಅವರ ಒಲೆ, ನಮ್ಮ ಹಿತ್ತಲಲ್ಲಿ ನಮ್ಮ ಒಲೆ. ಅಲ್ಲಿ ಅವರವರೇ ಅಡಿಗೆ ಮಾಡಿದರು, ಜೋಳ ನಮ್ಮ ಮನೆಯದೂ ಅವರ ಮನೆಯದೂ ಕಲೆತದ್ದು, ಹಂಡೆ ಮಾಮಾ ಬೆಳಗಿದ್ದು. ಕುಲಕರ್ಣಿಯವರ ಮನೆಗೆ ಅಕ್ಕಿ ಬೇಳೆ ಬೆಲ್ಲದ ಸಿದಾ ಕಳಿಸಿದೆವು. ಆದರೆ ಬಾಯಿಯವರು ಮೇನೆಯಲ್ಲಿ ಬಂದು ನನ್ನ ಹೆಂಡತಿಯ ಕೈಗೆ ಕುಪ್ಪಸದ ಕಣ ಇಟ್ಟು ಹೋದರು. ನಡುವೆ ಓಣಿ; ಈ ಕಡೆ ನಾವು, ಆ ಕಡೆ ಅವರು. ಬಡಿಸುವವರು ಎರಡೂ ಕಡೆಯಿಂದ ಕೂಗಾಡುತ್ತಿದ್ದರು, ಅಲ್ಲಿಯ ಮಾತಿಗೆ ಇಲ್ಲಿ ನಗು. ಉಂಡಾದ ಮೇಲೆ ಕುರುಬರ ಹಿರಿಯ ಕಟ್ಟೆಯ ಮೇಲೆ ಕುಳಿತು ತೊಡೆಯ ಮೇಲೆ ಬೆರಳು ಬಡಿಯತೊಡಗಿದ. ಪಕ್ಕದವರೂ ಬಡಿಯತೊಡಗಿದರು. ತೊಡೆ ಬೇಡವೆಂದು ಯಾವ ಮೌಲವಿಯೂ ಹೇಳಿರಲಿಲ್ಲವಾದ್ದರಿಂದ ಮಾಮಾ ಸುಮ್ಮನಿದ್ದರು. ಅವರ ಹೆಬ್ಬೆರಳೂ ಅಲ್ಲಾಡುತ್ತಿದ್ದುದನ್ನು ನಾನು ಕಂಡೆ.

ಮುಂದೆ ಮಾಮಾ ರೋಣದಲ್ಲಿ ಈ ಮದುವೆಯ ಕಥೆಯನ್ನು ಎಲ್ಲರಿಗೂ ಹೇಳತೊಡಗಿದರು. ಓಣಿಯವರನ್ನೆಲ್ಲ ಕರೆಯಬೇಕೆಂದು ಹಟ ಹಿಡಿದವರೇ ತಾವು, ನಮ್ಮ ಮನೆಯವರು ಹಿಂದುಮುಂದು ನೋಡುತ್ತಿದ್ದರು, ತಾವೇ ಎಲೆ ಹಿಡಿದು ಮನೆ ಮನೆಗೆ ಹೋದದ್ದು ಎಂದು. ಭಾಬಿಗೆ ಇದನ್ನು ಹೇಳಿದಾಗ ಅವಳು, ಮಾಮಾ ಹೋಗಿದ್ದು ಸುಳ್ಳೇನಲ್ಲವಲ್ಲ ಎಂದಳು.

ಒಂದೆರಡು ವರ್ಷದ ಮೇಲೆ ನಾವೆಲ್ಲ ಸೇರಿ ಕಸುಬಿಗೆಂದು ಕೊಣ್ಣೂರಿನ ಕಡೆ ಹೋಗಿದ್ದೆವು. ಮಲಪ್ರಭೆ ತುಂಬಿ ಹರಿಯುತ್ತಿತ್ತು. ಹರಗೋಲಿನಲ್ಲಿ ದಾಟಬೇಕು. ಹರಗೋಲು ತಿರುಗತೊಡಗಿದ ಕೂಡಲೇ ಮಾಮಾ ಕಣ್ಣು ಮುಚ್ಚಿಕೊಂಡು ಕಲ್ಮಾ ಹೇಳತೊಡಗಿದರು. ಅಣ್ಣ ಕಲಾಯಿಯ ತಿದಿಯನ್ನು ಅಪ್ಪಿಕೊಂಡ. ನಾನು ಹೆಂಡತಿಯ ಸೆರಗು ಹಿಡಿದುಕೊಂಡೆ. ಅವಳಿಗೆ ಧೈರ್ಯ ಹೇಳಲು ಹಿಡಿದದ್ದು ಎಂದು ಇವತ್ತಿಗೂ ವಾದಿಸುತ್ತೇನೆ. ಭಾಬಿ ಒಬ್ಬಳೇ ಅಂಚಿಗೆ ಒರಗಿ, ತೋಳಿನವರೆಗೂ ಕೈಯನ್ನು ಕೆಂಪು ನೀರಿನಲ್ಲಿ ಬಿಟ್ಟು ಕುಳಿತಿದ್ದಳು. ಅವಳ ಅಪ್ಪ ಮೀನು ಹಿಡಿಯುವವನೆಂದು ಅಣ್ಣ ಅಂದು ಹೇಳಿದ. ಅವಳ ಅಪ್ಪಅವ್ವ ಇದ್ದಾರೋ ಇಲ್ಲವೋ ಎಂಬ ಸುದ್ದಿ ಅವಳಿಗೆ ಎಂದೂ ಬರಲಿಲ್ಲ; ಬರುವ ದಾರಿಯೂ ಇರಲಿಲ್ಲ. ಅವಳು ತನ್ನ ಭಾಷೆಯಲ್ಲಿ ಏನೋ ಹಾಡಿಕೊಳ್ಳುತ್ತಿದ್ದಳು, ಸಣ್ಣ ದನಿಯಲ್ಲಿ.

ಅಂಬಿಗ ಕೋಲು ಹಾಕುತ್ತ, "ಏನ ಹಾಡ ಅದು, ತಂಗಿ?" ಎಂದು ಕೇಳಿದ.

"ಕನ್ನಡದಾಗ ಬರೂದಿಲ್ಲಣ್ಣಾ" ಎಂದಳು ಅವಳು. "ಇಲ್ಲೆ ಒಂದಿಷ್ಟು ಮೆಲ್ಲಕ ಹಾಕ್ರಿ."

ಅಂಬಿಗ ಮಾಮಾನ ಮುಖ ನೋಡಿದ, ನಮ್ಮ ಮುಖ ನೋಡಿದ, ಆದರೂ ಕೋಲನ್ನು ಸ್ವಲ್ಪ ಮೆಲ್ಲಗೆ ಹಾಕಿದ. ದಡ ಮುಟ್ಟಿದಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಇಳಿದೆವು. ಅವಳು ಎಲ್ಲರೂ ಇಳಿದ ಮೇಲೆ ನೀರಿನಿಂದ ಕೈ ತೆಗೆದು ಇಳಿದಳು.